ಪಾದ್ರಿಗಳ ನಿಲುವಂಗಿ ಹೊಲಿದ ವರ್ಷ

ಲಗ್ಗೆರೆಯ ನಮ್ಮ ಬೀದಿಯಲ್ಲಿ ನಾನು ಹೊಲಿಗೆ ಅಂಗಡಿ ತೆರೆದ ಮೂರನೆಯ ವರ್ಷ, ಒಂದು ಸೋಮವಾರ ಬೆಳಿಗ್ಗೆ, ಜೀನ್ಸ್ ಪ್ಯಾಂಟು ತೊಟ್ಟ ತರುಣರೊಬ್ಬರು ಬಂದು ಮೇಜಿನ ಮೇಲೆ ಹಳೆಯ ಬಿಳಿ ಬಟ್ಟೆಯೊಂದನ್ನು ಬಿಡಿಸಿ ಹಾಸಿದರು. ಕುತ್ತಿಗೆಯಿಂದ ಪಾದದವರೆಗೆ ಒಂದೇ ಉದ್ದ, ಮುಂದೆ ಸಾಲಾಗಿ ಗುಂಡಿಗಳು. ಇದನ್ನು ನೋಡಿಕೊಂಡು ಇಂಥದೇ ಇನ್ನೊಂದು ಹೊಲಿದುಕೊಡಲು ಆಗುತ್ತದೆಯೇ ಎಂದು ಕೇಳಿದರು. ಯಾರಿಗೆ ಎಂದೆ. ತಮಗೇ ಎಂದರು. ಎರಡು ಸ್ಟಾಪ್ ಆಚೆಗಿರುವ ಚರ್ಚಿಗೆ ಹೊಸದಾಗಿ ಬಂದ ಪಾದ್ರಿ ಅವರು.

ನಾನು ರಾಣೆಬೆನ್ನೂರಿನ ಕಡೆಯವಳು. ಮದುವೆಯಾಗಿ ಪೀಣ್ಯಕ್ಕೆ ಬಂದೆ. ಹದಿನೆಂಟು ವರ್ಷ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿದೆ. ಟೈಲರ್ ಆಗಿ ಸೇರಿದವಳು ಕೊನೆಯ ಏಳು ವರ್ಷ ಪ್ಯಾಟರ್ನ್ ಮಾಸ್ಟರ್ ಆಗಿದ್ದೆ. ನಾನು ಕಾಗದದಲ್ಲಿ ಕತ್ತರಿಸಿಕೊಟ್ಟ ಆಕಾರವನ್ನು ಇಟ್ಟುಕೊಂಡು ಉಳಿದವರು ಸಾವಿರಗಟ್ಟಲೆ ಅಂಗಿ ಹೊಲಿಯುತ್ತಿದ್ದರು. ಅವನ್ನು ಯಾರು ತೊಡುತ್ತಾರೆ, ಯಾವ ದೇಶದಲ್ಲಿ ತೊಡುತ್ತಾರೆ, ನಮಗೆ ಗೊತ್ತಿರಲಿಲ್ಲ. ಕಾರ್ಖಾನೆ ಬೇರೆ ಜಿಲ್ಲೆಗೆ ಹೋಯಿತು. ನಾನು ಹೋಗಲಿಲ್ಲ. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಷಿನ್ ಹಾಕಿಕೊಂಡು ಬ್ಲೌಸು, ಚೂಡಿದಾರ್, ಶಾಲೆಯ ಯೂನಿಫಾರ್ಮ್ ಹೊಲಿಯತೊಡಗಿದೆ.

ಉದ್ದ ಅಂಗಿ ನನಗೆ ಹೊಸದಾಗಿರಲಿಲ್ಲ. ನಮ್ಮಪ್ಪ ದರ್ಜಿ. ಊರಿನ ಮಠದ ಸ್ವಾಮಿಗಳಿಗೆ ಕಾವಿಯ ಕಫನಿ ಹೊಲಿಯುತ್ತಿದ್ದವರು ಅವರೇ. ಆ ದಿನ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡ ಮೇಲೆಯೇ ಕತ್ತರಿ ಹಿಡಿಯುತ್ತಿದ್ದರು. ಸ್ವಾಮಿಗಳ ಮೈಗೆ ಟೇಪು ತಾಗಿಸುವ ಪದ್ಧತಿ ಇರಲಿಲ್ಲ. ಹಳೆಯ ಕಫನಿಯೊಂದನ್ನು ಮಠದಿಂದ ಕಳಿಸುತ್ತಿದ್ದರು, ಅಪ್ಪ ಅದನ್ನು ಚಾಪೆಯ ಮೇಲೆ ಹರಡಿ ಅಳೆದುಕೊಳ್ಳುತ್ತಿದ್ದರು. ಹೊಲಿದದ್ದನ್ನು ನಾವು ಮಕ್ಕಳು ಮುಟ್ಟುವಂತಿರಲಿಲ್ಲ.

ತರುಣ ಪಾದ್ರಿ ತಂದ ನಿಲುವಂಗಿ ಅವರ ಅಜ್ಜನ ತಮ್ಮನದು. ಅವರೂ ಪಾದ್ರಿಯಾಗಿದ್ದರಂತೆ, ತೀರಿಕೊಂಡು ಬಹಳ ವರ್ಷವಾಗಿತ್ತು. ನಾನು ಮೊದಲು ಅದನ್ನು ಒಳಮೈ ಹೊರಗೆ ಮಾಡಿ ನೋಡಿದೆ. ಕಾಲರ್ ಸವೆದಾಗ ಬಿಚ್ಚಿ ಮಗುಚಿ ಹೊಲಿದಿದ್ದರು. ಮೊಣಕಾಲಿನ ಜಾಗದಲ್ಲಿ ಒಳಗಿನಿಂದ ತೇಪೆ ಇತ್ತು. ದಿನಾ ಮಂಡಿಯೂರುವವರ ಬಟ್ಟೆ ಅಲ್ಲೇ ಸವೆಯುತ್ತದೆ. ಕೆಳಗಿನ ಅಂಚನ್ನು ಎರಡು ಸಲ ಮಡಚಿದ್ದರು, ವಯಸ್ಸಾಗುತ್ತ ಮನುಷ್ಯ ಕುಗ್ಗಿರಬೇಕು. ಗುಂಡಿಗಳು ಒಂದೊಂದು ಒಂದೊಂದು ಬಗೆ. ಗುಂಡಿ ತೂರಿಸುವ ಕಾಜಾಗಳನ್ನು ಎಣಿಸಿದೆ, ಮೂವತ್ತಮೂರು ಇದ್ದವು. ಇಷ್ಟು ಯಾಕೆ, ಹದಿನೈದು ಇಟ್ಟು ಕೆಳಗೆ ಹೊಲಿದುಬಿಡೋಣ ಎಂದೆ.

"ಇಲ್ಲ ಅಕ್ಕ, ಮೂವತ್ತಮೂರು ಇರ್ಲೇಬೇಕು," ಎಂದರು ಅವರು. "ಯೇಸುಸ್ವಾಮಿ ಭೂಮಿ ಮೇಲೆ ಇದ್ದಿದ್ದು ಅಷ್ಟೇ ವರ್ಷ. ಬೆಳಿಗ್ಗೆ ಒಂದೊಂದೇ ಹಾಕ್ಕೋತಾ ನೆನಪು ಮಾಡ್ಕೋಬೇಕು."

ಕಾಜಾ ಮಷಿನ್ ನನ್ನ ಬಳಿ ಇರಲಿಲ್ಲ. ಮೂವತ್ತಮೂರನ್ನೂ ಕೈಯಲ್ಲೇ ಹೆಣೆದೆ. ಅದಕ್ಕೆ ನಾಲ್ಕು ದಿನ ಹಿಡಿಯಿತು.

ಅಳತೆಗೆ, ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡುವುದಕ್ಕೆ, ಮತ್ತೆ ಗುಂಡಿ ಆರಿಸುವುದಕ್ಕೆ ಎಂದು ಅವರು ಮೂರ್ನಾಲ್ಕು ಸಲ ಬಂದರು. ಬಂದಾಗಲೆಲ್ಲ ಆ ಬಟ್ಟೆಯ ಕಥೆ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ, ಆದರೆ ಅವರು ಹೇಳುವಾಗ ನಾನು ಹೊಲಿಯುವ ಕೈ ನಿಲ್ಲಿಸಬೇಕಾಗಿರಲಿಲ್ಲ, ಹಾಗಾಗಿ ಕೇಳಿಸಿಕೊಂಡೆ. ಮೊದಲ ಶತಮಾನಗಳಲ್ಲಿ ಪಾದ್ರಿಗಳಿಗೆಂದು ಬೇರೆ ಬಟ್ಟೆಯೇ ಇರಲಿಲ್ಲವಂತೆ. ರೋಮಿನ ಜನ ತೊಡುತ್ತಿದ್ದ ಉದ್ದ ಅಂಗಿಯನ್ನೇ ಅವರೂ ತೊಡುತ್ತಿದ್ದರು. ಕಾಲ ಕಳೆದಂತೆ ಉಳಿದ ಗಂಡಸರು ಗಿಡ್ಡ ಅಂಗಿ, ಚಲ್ಲಣಕ್ಕೆ ಬದಲಾದರು, ಪಾದ್ರಿಗಳು ಬದಲಾಗಲಿಲ್ಲ. ಹಾಗೆ ಎಲ್ಲರದ್ದಾಗಿದ್ದ ಬಟ್ಟೆ ಅವರೊಬ್ಬರದೇ ಆಗಿ ಉಳಿಯಿತು. ಯೂರೋಪಿನಲ್ಲಿ ಅದರ ಬಣ್ಣ ಕಪ್ಪು. ಬಿಷಪ್ಪರಿಗೆ ನೇರಳೆ, ಕಾರ್ಡಿನಲ್‌ಗಳಿಗೆ ಕೆಂಪು, ಪೋಪರಿಗೆ ಬಿಳಿ. ಸೆಕೆಯ ದೇಶಗಳಿಗೆ ಬಂದವರು ಕಪ್ಪು ತಾಳಲಾರದೆ ಎಲ್ಲರೂ ಬಿಳಿಗೆ ಬಂದರು.

ಒಂದು ಸಂಗತಿ ಕೇಳಿ ಮಾತ್ರ ನಾನು ಸೂಜಿ ನಿಲ್ಲಿಸಿದೆ. ಮೈಸೂರು ಸೀಮೆಗೆ ಮೊದಮೊದಲು ಬಂದ ಇಟಲಿ ಕಡೆಯ ಪಾದ್ರಿಗಳು ಕಪ್ಪನ್ನೂ ತೊಡಲಿಲ್ಲ, ಬಿಳಿಯನ್ನೂ ತೊಡಲಿಲ್ಲ, ಕಾವಿ ಉಟ್ಟಿದ್ದರಂತೆ. ಮಾಂಸ ಬಿಟ್ಟು, ಮರದ ಹಾವುಗೆ ಮೆಟ್ಟಿ, ಸಂನ್ಯಾಸಿಗಳೆಂದು ಹೇಳಿಕೊಂಡು ಊರೂರು ತಿರುಗಿದ್ದರಂತೆ. ಆಮೇಲೆ ಬಂದ ಫ್ರಾನ್ಸಿನವರು ಕಾವಿ ಬಿಟ್ಟು ಮತ್ತೆ ತಮ್ಮ ನಿಲುವಂಗಿಗೇ ಮರಳಿದರು. ಅವರ ಕಾವಿಯನ್ನು ಯಾರು ಹೊಲಿದುಕೊಟ್ಟರು ಎಂದು ಕೇಳಿದೆ. ಅದು ಯಾವ ಪುಸ್ತಕದಲ್ಲೂ ಇಲ್ಲ ಎಂದು ನಕ್ಕರು. ಅವರು ಪಾದ್ರಿ ಓದು ಓದಿದ ಜಾಗಕ್ಕೆ ಗುರುಮಠ ಎನ್ನುತ್ತಾರೆ, ಚರ್ಚಿನ ಜನ ಅವರನ್ನು ಸ್ವಾಮಿ ಎಂದು ಕರೆಯುತ್ತಾರೆ. ನಾನೂ ಹಾಗೆಯೇ ಕರೆಯತೊಡಗಿದೆ. ನನಗೆ ಕಷ್ಟವಾಗಲಿಲ್ಲ.

ಹೊಲಿದ ನಿಲುವಂಗಿಯನ್ನು ಬಾಗಿಲಿಗೆ ತೂಗುಹಾಕಿದ್ದಾಗ ಮನೆಯ ಓನರ್ ಅಮ್ಮ ಬಂದರು. ಅವರ ಮನೆತನ ಹಿಂದೆ ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿತ್ತು, ಈಗ ಹನ್ನೊಂದು ಬಾಡಿಗೆ ಮನೆಗಳಿವೆ. ಅಂಗಿಯ ಅಂಚನ್ನು ಹಿಡಿದು ನೋಡಿ, "ಇದೇನವ್ವ ಇಂಗೆ ಉದ್ದಕ್ಕೆ? ಯಾವ ಮಟದ್ದು?" ಎಂದು ಕೇಳಿದರು. ಚರ್ಚಿನ ಮಠದ್ದು ಎಂದೆ. ಒಪ್ಪಿದವರಂತೆ ತಲೆಯಾಡಿಸಿ ಹೋದರು.

ಅದಾಗಿ ಒಂದು ತಿಂಗಳಿಗೆ ತರುಣ ಪಾದ್ರಿ ಮತ್ತೆ ಬಂದರು. ಅವರ ಗುರುನಿವಾಸದಲ್ಲಿ ನಿವೃತ್ತರಾದ ಹಿರಿಯ ಪಾದ್ರಿಯೊಬ್ಬರು ಇದ್ದರು. ಪೀಣ್ಯದಲ್ಲಿ ಕಾರ್ಖಾನೆಗಳು ಹೆಚ್ಚುತ್ತಿದ್ದ ಕಾಲದಿಂದ ಈ ಭಾಗದಲ್ಲೇ ಇದ್ದವರು. ಅವರು ಗುರುದೀಕ್ಷೆ ಪಡೆದು ಐವತ್ತು ವರ್ಷವಾಗುವುದಿತ್ತು. ಆ ದಿನಕ್ಕೆ ಅವರಿಗೊಂದು ನಿಲುವಂಗಿ ಉಡುಗೊರೆ ಕೊಡಬೇಕೆಂದು ತರುಣ ಪಾದ್ರಿಯ ಆಸೆ. ಹಿರಿಯರು ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಪ್ಯಾಂಟು, ಅರ್ಧ ತೋಳಿನ ಶರಟಿನಲ್ಲೇ ಇದ್ದಾರೆ, ಅವರ ಬಳಿ ನಿಲುವಂಗಿಯೇ ಇಲ್ಲ, ಕೇಳಿದರೆ ಬೇಡ ಎನ್ನುತ್ತಾರೆ, ಹೊಲಿಸಿ ಕೈಗೆ ಕೊಟ್ಟರೆ ತೊಡುತ್ತಾರೆ ಎಂದರು. ಅಳತೆಗೆ ಅವರದೊಂದು ಹಳೆಯ ಶರಟನ್ನೂ ಒಗೆಯಲು ಹಾಕಿದ್ದ ಪ್ಯಾಂಟನ್ನೂ ಎತ್ತಿಕೊಂಡು ಬಂದಿದ್ದರು.

ಶರಟನ್ನು ಮೇಜಿನ ಮೇಲೆ ಹರಡಿದೆ. ಎಡ ಭುಜ ಬಲಕ್ಕಿಂತ ಅರ್ಧ ಇಂಚು ಕೆಳಗಿತ್ತು. ಕಾಲರ್‌ನ ಸವೆತವೂ ಒಂದೇ ಕಡೆ. ಕಾರ್ಖಾನೆಯಲ್ಲಾಗಿದ್ದರೆ ಇಂಥ ಮೈಗಳ ಗೊಡವೆ ಇರುತ್ತಿರಲಿಲ್ಲ, ಅಲ್ಲಿ ಎಲ್ಲರ ಎರಡೂ ಭುಜ ಸಮ. ಇಲ್ಲಿ ಒಬ್ಬರಿಗೇ ಹೊಲಿಯುವುದು. ಎಡಗಡೆಗೆ ಬೇರೆ ಕಾಗದ, ಬಲಗಡೆಗೆ ಬೇರೆ ಕಾಗದ ಕತ್ತರಿಸಿದೆ. ವಯಸ್ಸಾದ ಬೆರಳಿಗೆ ಮೂವತ್ತಮೂರು ಗುಂಡಿ ಕಷ್ಟವೆಂದು, ಮೇಲೆ ಗುಂಡಿ ತೋರುವಂತೆ ಹೊಲಿದು ಒಳಗೆ ಜಿಪ್ ಇಟ್ಟೆ. ತರುಣ ಪಾದ್ರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ, ಆದರೂ ಒಪ್ಪಿದರು. ಸಮಾರಂಭಕ್ಕೆ ಎರಡು ವಾರ ಮೊದಲೇ ತೆಗೆದುಕೊಂಡು ಹೋದರು.

ಮಾರನೆಯ ದಿನ ಮಧ್ಯಾಹ್ನ ಹಿರಿಯ ಪಾದ್ರಿ ಒಬ್ಬರೇ ಬಂದರು. ಎತ್ತರದ, ಬಡಕಲು ಮನುಷ್ಯ. ಎಡ ಭುಜ ಇಳಿದಿದ್ದರಿಂದ ನೋಡಿದ ಕೂಡಲೇ ಯಾರೆಂದು ತಿಳಿಯಿತು. ನಿಲುವಂಗಿಯನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. ಕುಳಿತು ನೀರು ಕೇಳಿ ಕುಡಿದರು.

"ಅಮ್ಮ, ಇದಕ್ಕೆ ಅಳತೆ ಎಲ್ಲಿಂದ ತಗೊಂಡ್ರಿ?"

ಅವರ ಶರಟಿನಿಂದ ಎಂದೆ. ಭುಜದ ವಿಷಯವನ್ನೂ ಹೇಳಿದೆ.

"ಸರಿಯಾಗಿ ಕೂತಿದೆ. ಹಾಕಿ ನೋಡಿದೆ," ಎಂದರು. "ಆದ್ರೆ ನಂಗೆ ಬೇಡ. ಚಿಕ್ಕ ಸ್ವಾಮಿ ಅಳತೆಗೆ ಇದನ್ನ ಮಾಡಿಕೊಡೋಕಾಗುತ್ತಾ ಅಂತ ಕೇಳೋಣ ಅಂತ ಬಂದೆ."

ಆಗುತ್ತದೆ, ಆದರೆ ಬಿಚ್ಚಿದರೆ ಎಡಗಡೆಯ ಬಟ್ಟೆ ಸಾಲದೆ ಬರಬಹುದು ಎಂದೆ. ಆಗ ಅವರು ಯಾಕೆ ಬೇಡ ಎಂಬುದನ್ನು ಹೇಳಿದರು. ನಾನು ಕೇಳಿರಲಿಲ್ಲ. ಹೊಲಿದವಳಿಗೆ ಒಂದು ಕಾರಣ ಕೊಡಬೇಕೆಂದು ಅನಿಸಿರಬೇಕು.

ಪಾದ್ರಿಯಾದ ನಾಲ್ಕೈದು ವರ್ಷಕ್ಕೆ ಅವರು ಇಲ್ಲಿನ ಕಾರ್ಮಿಕರ ಜೊತೆ ಓಡಾಡುತ್ತಿದ್ದರು. ಒಂದು ವರ್ಷ ಫೌಂಡ್ರಿಯೊಂದರಲ್ಲಿ ಹೆಲ್ಪರ್ ಆಗಿ ಅಚ್ಚು ಹೊತ್ತಿದ್ದೂ ಉಂಟು. ಆ ಮೇಲೆ ಒಂದು ಕಾರ್ಖಾನೆಯಲ್ಲಿ ಕೆಲಸದವರನ್ನು ತೆಗೆದದ್ದಕ್ಕೆ ಸ್ಟ್ರೈಕ್ ಆಯಿತು. ಗೇಟಿನ ಮುಂದೆ ಜನ ಕುಳಿತಾಗ ಅವರನ್ನು ಮೊದಲ ಸಾಲಿನ ನಡುವೆ ಕೂರಿಸಿದರು. ಬಿಳಿ ನಿಲುವಂಗಿ ತೊಟ್ಟು ಬನ್ನಿ ಎಂದು ಕೆಲಸದವರೇ ಹೇಳಿದ್ದರಂತೆ. ಮೂರನೆಯ ದಿನ ಪೊಲೀಸರು ಲಾಠಿ ಬೀಸಿ, ಕೆಲಸದವರನ್ನು ಠಾಣೆಗೆ ಎತ್ತಿಕೊಂಡು ಹೋದರು.

"ನನ್ನ ಎಡಗಡೆ ಕೂತವನಿಗೆ ಬಿತ್ತು, ಬಲಗಡೆಯವನಿಗೆ ಬಿತ್ತು," ಎಂದರು ಹಿರಿಯ ಪಾದ್ರಿ. "ನನಗೆ ಒಂದೇಟೂ ಬೀಳಲಿಲ್ಲ. ಒಬ್ಬ ಪೇದೆ ನನ್ನ ತೋಳು ಹಿಡಿದು, ಫಾದರ್ ನೀವು ಈ ಕಡೆ ಬನ್ನಿ ಅಂತ ಮರದ ನೆರಳಿಗೆ ಕರ್ಕೊಂಡೋಗಿ ನಿಲ್ಲಿಸಿದ. ಅಲ್ಲಿ ನಿಂತ್ಕೊಂಡು ನೋಡಿದೆ. ಬಟ್ಟೆ ಮೇಲೆ ಒಂದು ಕಲೆ ಆಗ್ಲಿಲ್ಲಮ್ಮ."

ಅಂದು ಸಂಜೆ ಅದನ್ನು ತೆಗೆದು ಮಡಿಸಿಟ್ಟವರು ಮತ್ತೆ ತೊಡಲಿಲ್ಲ. ಆಮೇಲೆ ಅದನ್ನು ಯಾರಿಗೋ ಕೊಟ್ಟುಬಿಟ್ಟರು. ಪೂಜೆಗೆ ನಿಂತಾಗ ಎಲ್ಲ ಪಾದ್ರಿಗಳೂ ತೊಡುವ ಉದ್ದ ಬಿಳಿ ಅಂಗಿ ಬೇರೆ, ಅದನ್ನು ಚರ್ಚಿನೊಳಗೆ ತೊಟ್ಟು ಚರ್ಚಿನೊಳಗೇ ಕಳಚುತ್ತಾರೆ, ಅದಕ್ಕೆ ತಮ್ಮ ಅಡ್ಡಿಯಿಲ್ಲ ಎಂದು ನನಗೆ ವಿವರಿಸಿದರು. ಬೀದಿಯಲ್ಲಿ ಉಳಿದವರಂತೆ ಕಾಣಬೇಕು, ಬೀಳುವ ಏಟು ಬಿದ್ದರೆ ತಮಗೂ ಬೀಳಬೇಕು ಎಂಬುದು ಅವರ ಲೆಕ್ಕ. ಪೇಪರ್ ಮಡಿಸಿ ಜೇಬಿಗಿಟ್ಟುಕೊಂಡು, ನಿಲುವಂಗಿಯನ್ನು ನನ್ನಲ್ಲೇ ಬಿಟ್ಟು ಹೊರಟರು.

ಎರಡು ದಿನ ಬಿಟ್ಟು ತರುಣ ಪಾದ್ರಿ ಬಂದರು. ಹಿರಿಯರು ನಿಲುವಂಗಿ ಬೇಡವೆಂದಿದ್ದರು, ಕಾರಣ ಹೇಳಿರಲಿಲ್ಲ. ತನ್ನ ಮೇಲೆ ಏನೋ ಸಿಟ್ಟಿರಬೇಕು, ತಾನು ಹಳೆಯ ಕಾಲದವರ ಹಾಗೆ ಉಡುಪು ತೊಡುವುದು ಅವರಿಗೆ ಹಿಡಿಸುತ್ತಿಲ್ಲ ಎಂದುಕೊಂಡು ಮುಖ ಸಣ್ಣದು ಮಾಡಿಕೊಂಡಿದ್ದರು. ನಾನು ಹೇಳಬಾರದಿತ್ತೋ ಏನೋ, ಹೇಳಿಬಿಟ್ಟೆ. ಅವರು ನಿಂತೇ ಕೇಳಿದರು. ಆ ಸ್ಟ್ರೈಕಿನವರು ಯಾರಾದರೂ ಈಗಲೂ ಇಲ್ಲಿ ಇದ್ದಾರೆಯೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಹಿರಿಯರ ನಿಲುವಂಗಿಯನ್ನು ಬಿಚ್ಚಿ ನಿಮ್ಮ ಅಳತೆಗೆ ಮಾಡಿಕೊಡಲೇ ಎಂದು ನಾನು ಕೇಳುವಷ್ಟರಲ್ಲಿ ಅವರು ಅಂಗಡಿಯಿಂದ ಇಳಿದು ಹೊರಟಿದ್ದರು. ನಾನು ಅದನ್ನು ಬಿಚ್ಚಲಿಲ್ಲ.

ಸಮಾರಂಭಕ್ಕೆ ನನ್ನನ್ನೂ ಕರೆದಿದ್ದರು. ಚರ್ಚಿನೊಳಗೆ ನಾನು ಹೋದದ್ದು ಅದೇ ಮೊದಲು. ಹಿಂದಿನ ಸಾಲಿನಲ್ಲಿ ಕುಳಿತೆ. ಹತ್ತು ಹನ್ನೆರಡು ಪಾದ್ರಿಗಳು ಸಾಲಾಗಿ ಬಂದರು. ಎಲ್ಲರಿಗೂ ಉದ್ದ ಬಿಳಿ ಅಂಗಿ, ಮೇಲೆ ಹೊನ್ನಿನ ಬಣ್ಣದ ಅಗಲ ಮೇಲುಡುಪು. ಅದು ರೆಡಿಮೇಡ್, ಭುಜಕ್ಕೆ ಹೊಲಿಗೆಯೇ ಇಲ್ಲದ್ದು, ಯಾರಿಗಾದರೂ ಆಗುತ್ತದೆ. ಹಿರಿಯ ಪಾದ್ರಿ ಮೆಟ್ಟಿಲು ಹತ್ತುವಾಗ ಬಿಳಿ ಅಂಗಿಯ ಕೆಳಗಿನಿಂದ ಕಂದು ಪ್ಯಾಂಟಿನ ಅಂಚೂ ರಬ್ಬರ್ ತಳದ ಚಪ್ಪಲಿಯೂ ಕಂಡವು.

ಪೂಜೆಯಾದ ಮೇಲೆ ಪಕ್ಕದ ಹಾಲಿನಲ್ಲಿ ಊಟ. ಹಿರಿಯರು ಪೂಜೆಯ ಉಡುಪು ಕಳಚಿ, ಶರಟಿನಲ್ಲಿ ಬಂದು ಕುಳಿತರು. ನನಗೆ ಸಸ್ಯಾಹಾರದ ಮೇಜು ತೋರಿಸಿದರು, ಅದು ಹಿರಿಯರ ಕುರ್ಚಿಗೆ ಹತ್ತಿರವಿತ್ತು. ಆಗ ತರುಣ ಪಾದ್ರಿ ಒಬ್ಬ ಮುದುಕರನ್ನು ಕರೆದುಕೊಂಡು ಬಂದರು. ಬಿಳಿ ಪಂಚೆ, ಹಣೆಯಲ್ಲಿ ಕುಂಕುಮ, ಎಡಗೈಯ ಬೆರಳುಗಳು ಮಡಚಿಕೊಂಡೇ ಇದ್ದವು. ಆ ಕಾರ್ಖಾನೆಯಲ್ಲಿ ಲೇತ್ ಮಷಿನ್ ನಡೆಸುತ್ತಿದ್ದವರು, ಗೇಟಿನ ಮುಂದೆ ಹಿರಿಯ ಪಾದ್ರಿಯ ಎಡಗಡೆ ಕುಳಿತಿದ್ದವರು ಅವರೇ. ನಮ್ಮ ಲಗ್ಗೆರೆಯಲ್ಲೇ, ನನ್ನ ಅಂಗಡಿಯಿಂದ ನಾಲ್ಕು ಬೀದಿ ಆಚೆ ಮಗಳ ಮನೆಯಲ್ಲಿದ್ದರು. ತರುಣ ಪಾದ್ರಿ ಯೂನಿಯನ್ನಿನ ಹಳಬರನ್ನೆಲ್ಲ ವಿಚಾರಿಸಿ ಹುಡುಕಿದ್ದರು.

ಇಬ್ಬರು ಮುದುಕರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕುಳಿತರು. ಸತ್ತವರ, ಇದ್ದವರ ಸುದ್ದಿಯೆಲ್ಲ ಆಯಿತು. ಆ ಮೇಲೆ ಹಿರಿಯ ಪಾದ್ರಿ, ಅಂದು ನಿಮಗೆ ಬಿದ್ದದ್ದು ನನಗೆ ಬೀಳಲಿಲ್ಲ, ಅದಕ್ಕೇ ಆ ಬಟ್ಟೆ ಬಿಟ್ಟೆ ಎಂದರು. ತಪ್ಪೊಪ್ಪಿಕೊಳ್ಳುವವರ ದನಿಯಲ್ಲಿ, ಬಹಳ ಮೆಲ್ಲಗೆ ಹೇಳಿದರು.

ಲೇತಿನವರು ಅವರ ಮುಖವನ್ನೇ ನೋಡಿದರು.

"ಅಂಗಲ್ಲ ಸ್ವಾಮಿ," ಎಂದರು. "ನಿಮ್ಗೆ ಒಡೀಲಿಲ್ಲ ಅಂತ ನಮ್ಗೇನೂ ಬೇಜಾರಿರ್ಲಿಲ್ಲ. ನಿಮ್ಗೂ ಒಡುದ್ರೆ ನಮ್ಗೇನು ಬರ್ತಿತ್ತು? ಮಾರ್ನೆ ದಿನ ಟೇಸನ್ ತಾವ ನೀವು ಸರ್ಟಾಕ್ಕೊಂಡು ಬಂದ್ರಲ್ಲ, ಅದೇ ತೊಂದ್ರೆ ಆಗಿದ್ದು. ಯಾರೂ ಗುರ್ತಿಡೀಲಿಲ್ಲ. ಸಂಜೆಗಂಟ ನಿಮ್ಮನ್ನ ಗೇಟಿಂದ ಒಳಕ್ಕೇ ಬಿಡ್ಲಿಲ್ಲ. ನಾವು ಒಳಗಿಂದ ನೋಡ್ತಾನೇ ಇದ್ವಿ. ಬಿಳೀ ಬಟ್ಟೆ ಆಕ್ಕೊಂಡು ಬಂದಿದ್ರೆ ನಿಮ್ಮನ್ನ ಆವತ್ತೇ ಒಳಕ್ಕೆ ಬುಡ್ತಿದ್ರು, ನನ್ ಕೈಗೆ ಆವತ್ತೇ ಪಟ್ಟಿ ಕಟ್ಟುಸ್ಬೋದಿತ್ತು ಅಂತ ನಮ್ಮೋರು ಮಾತಾಡ್ಕೊಂಡ್ರು."

ದೂರುವ ದನಿಯಲ್ಲಿ ಹೇಳಲಿಲ್ಲ. ಎಂದೋ ತಪ್ಪಿಹೋದ ಬಸ್ಸಿನ ಬಗ್ಗೆ ಹೇಳುವಂತೆ ಹೇಳಿ, ಎಲೆಯಲ್ಲಿದ್ದ ಹಪ್ಪಳ ಮುರಿದರು. ಹಿರಿಯ ಪಾದ್ರಿ ಲೇತಿನವರ ಎಡಗೈಯನ್ನು ತಮ್ಮ ಮೊಣಕಾಲಿನ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ತರುಣ ಪಾದ್ರಿ ಸಮಾಧಾನ ಮಾಡಿಸಲೆಂದು ಕರೆತಂದಿದ್ದರು, ಆದದ್ದು ಬೇರೆ. ನಾನು ಊಟ ಮುಗಿಸಿ, ಎಲ್ಲರಿಗೂ ಕೈಮುಗಿದು ಬಂದೆ.

ಹತ್ತು ಹನ್ನೆರಡು ದಿನಗಳ ನಂತರ ಹಿರಿಯ ಪಾದ್ರಿ ಅಂಗಡಿಗೆ ಬಂದರು. ನಿಲುವಂಗಿಯನ್ನು ಬಿಚ್ಚಿಬಿಟ್ಟಿರಾ ಎಂದು ಕೇಳಿದರು. ಇಲ್ಲ ಎಂದೆ. ಬೀರುವಿನಿಂದ ತೆಗೆದುಕೊಟ್ಟೆ. ಒಳಗಿನ ಕೋಣೆಗೆ ಹೋಗಿ ಶರಟಿನ ಮೇಲೆಯೇ ತೊಟ್ಟು ಬಂದು ಕನ್ನಡಿಯ ಮುಂದೆ ನಿಂತರು. ಎಡ ಭುಜ ಸರಿಯಾಗಿ ಕೂತಿತ್ತು, ಎಲ್ಲಿಯೂ ನೆರಿಗೆ ಇರಲಿಲ್ಲ. ಅವರು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಳ್ಳಲಿಲ್ಲ.

ಲೇತಿನವರ ಒಂದು ಕೆಲಸ ಸರ್ಕಾರಿ ಕಚೇರಿಯಲ್ಲಿ ನಿಂತಿತ್ತಂತೆ. ಹಳೆಯ ಕಾಗದದಲ್ಲಿ ಅವರ ಹೆಸರು ಒಂದು ಬಗೆ, ಹೊಸದರಲ್ಲಿ ಇನ್ನೊಂದು ಬಗೆ ಇದ್ದು, ಎರಡು ವರ್ಷದಿಂದ ಅಲೆಯುತ್ತಿದ್ದರು. ಮಗಳು ಕೆಲಸ ಬಿಟ್ಟು ಬರಲಾರಳು. ಜೊತೆಗೆ ತಾವು ಹೋಗುವುದಾಗಿ ಹಿರಿಯರು ಒಪ್ಪಿಕೊಂಡಿದ್ದರು. ನಿಲುವಂಗಿ ತೊಟ್ಟುಕೊಂಡೇ ಅಂಗಡಿಯಿಂದ ಇಳಿದು, ಕಾಯುತ್ತಿದ್ದ ಆಟೋ ಹತ್ತಿದರು. ಹತ್ತುವಾಗ ಅಂಚನ್ನು ಎತ್ತಿ ಹಿಡಿಯುವುದು ಮರೆತು ಒಂದು ಸಲ ಮುಗ್ಗರಿಸಿದರು.

ಸಂಜೆ ಹಿಂದಿರುಗುವಾಗ ಇಬ್ಬರೂ ನನ್ನ ಅಂಗಡಿಯಲ್ಲಿ ಕಾಫಿ ಕುಡಿದರು. ಏನಾಯಿತು ಎಂದೆ. ಇಬ್ಬರಿಗೂ ಕುರ್ಚಿ ಕೊಟ್ಟರಂತೆ, ಫಾದರ್ ಎಂದು ಮಾತಾಡಿಸಿದರಂತೆ, ಸಂಬಂಧಪಟ್ಟವರು ರಜೆಯಲ್ಲಿದ್ದಾರೆ ಎಂದು ಹೇಳಿ ಕಳಿಸಿದರಂತೆ. ಲೇತಿನವರಿಗೆ ಅಷ್ಟಕ್ಕೇ ಖುಷಿಯಾಗಿತ್ತು, ಎರಡು ವರ್ಷದಲ್ಲಿ ಅಲ್ಲಿ ಕುಳಿತದ್ದೇ ಮೊದಲು ಎಂದರು. ಕೆಲಸ ಆದದ್ದು ನಾಲ್ಕನೆಯ ಸಲ ಹೋದಾಗ. ಬಟ್ಟೆಯಿಂದ ಆಯಿತೋ, ಬಿಡದೆ ಹೋದದ್ದರಿಂದ ಆಯಿತೋ ಹೇಳಲಾರೆ.

ಆಮೇಲೆ ಬೇರೆಯವರೂ ಅವರನ್ನು ಕರೆಯತೊಡಗಿದರು. ಒಬ್ಬರಿಗೆ ಆಸ್ಪತ್ರೆ, ಇನ್ನೊಬ್ಬರಿಗೆ ಶಾಲೆಯ ಸೀಟು, ಮತ್ತೊಬ್ಬರಿಗೆ ಪೊಲೀಸ್ ಠಾಣೆ. ಅಂಥ ದಿನಗಳಲ್ಲಿ ಮಾತ್ರ ಅವರು ನಿಲುವಂಗಿ ತೊಡುತ್ತಾರೆ. ಉಳಿದ ದಿನ ಅದೇ ಅರ್ಧ ತೋಳಿನ ಶರಟು. ತರುಣ ಪಾದ್ರಿ ಇದನ್ನು ಒಪ್ಪುವುದಿಲ್ಲ. ಗುರುಗಳ ಬಟ್ಟೆ ಪ್ರಾರ್ಥನೆಯ ಬಟ್ಟೆ, ಕಚೇರಿಯೊಳಗೆ ಬಿಡಿಸಿಕೊಳ್ಳುವ ಪಾಸ್ ಅಲ್ಲ ಎನ್ನುತ್ತಾರೆ. ಇಬ್ಬರೂ ಒಂದೇ ಮನೆಯಲ್ಲಿದ್ದು ಇದರ ಬಗ್ಗೆ ಆಗಾಗ ವಾದ ಮಾಡುತ್ತಾರಂತೆ. ಇಬ್ಬರೂ ಬಂದು ನನ್ನ ಬಳಿ ಬೇರೆಬೇರೆಯಾಗಿ ಹೇಳುತ್ತಾರೆ. ನಾನು ಯಾರ ಕಡೆಯೂ ಮಾತಾಡುವುದಿಲ್ಲ.

ಕಳೆದ ತಿಂಗಳು ಹಿರಿಯರು ನಿಲುವಂಗಿಯನ್ನು ದುರಸ್ತಿಗೆ ತಂದರು. ಅಂಚು ಆಟೋಗೆ ಸಿಕ್ಕಿ ಹರಿದಿತ್ತು, ಅದನ್ನು ಹೊಲಿದೆ. ಬದಿಯ ಜೇಬು ಸಣ್ಣದಾಯಿತು, ಜನರ ಕಾಗದಗಳನ್ನು ಮಡಿಸದೆ ಇಡುವಂತಿರಬೇಕು, ಮಡಿಸಿದ ಗೆರೆಯ ಮೇಲೆ ಅಕ್ಷರ ಅಳಿಸಿಹೋಗುತ್ತದೆ ಎಂದರು. ನಾನು ಒಂದು ಫೈಲು ತರಿಸಿ ಅಳೆದೆ. ಒಳಗಡೆ, ಬಲ ಪಕ್ಕೆಯಿಂದ ತೊಡೆಯವರೆಗೆ ಇಳಿಯುವ ಉದ್ದನೆಯ ಜೇಬು ಇಟ್ಟು, ಭಾರಕ್ಕೆ ಜಗ್ಗದ ಹಾಗೆ ಹಿಂದಿನಿಂದ ಕ್ಯಾನ್ವಾಸ್ ಕೊಟ್ಟು ಹೊಲಿದೆ. ಅವರು ಫೈಲನ್ನು ಅದರೊಳಗೆ ಇಳಿಸಿ, ಎರಡು ಹೆಜ್ಜೆ ನಡೆದು ನೋಡಿ, ಇನ್ನರ್ಧ ಇಂಚು ಆಳ ಬೇಕು ಎಂದರು. ಬಿಚ್ಚಿ ಮತ್ತೆ ಹೊಲಿದುಕೊಟ್ಟೆ.